ದೋಣಿಯ ತೇಪೆ

ಮಲ್ಪೆಯ ದಂಡೆಯಲ್ಲೊಮ್ಮೆ ತಳ ಬಿರಿದ ಫೈಬರ್‌ಗ್ಲಾಸ್ ದೋಣಿಯ ರಿಪೇರಿಯನ್ನು ನೋಡುತ್ತ ನಿಂತಿದ್ದೆ. ಬಿರುಕು ಗೇಣುದ್ದದ್ದು, ಕೆಲಸಗಾರ ಅದರ ಸುತ್ತ ಮೊಳದಗಲ ಉಜ್ಜಿದ್ದ. ಗಾಯವನ್ನೇ ಹಿಗ್ಗಿಸಿದೆಯಲ್ಲ ಎಂದೆ. ‘ಅಂಚು ಇಳಿಜಾರಾಗದೆ ತೇಪೆ ಹಿಡಿಯದು, ಪಸೆಯಿದ್ದರಂತೂ ಮುಗಿಯಿತು’ ಎಂದ. ಒಣಗಲೆಂದು ದೋಣಿ ಎರಡು ದಿನ ಬಿಸಿಲಿನಲ್ಲಿತ್ತು. ಆ ಎರಡು ದಿನ ಅದರ ಒಡೆಯನಿಗೆ ದುಡಿಮೆಯಿಲ್ಲ.

ರಾಳಕ್ಕೆ ನೂರಕ್ಕೆ 1–2 ಪಾಲು ಗಟ್ಟಿಕಾರಕ ಬೆರೆಸಿದ. ಹೆಚ್ಚಾದರೆ ಅದು ಡಬ್ಬಿಯಲ್ಲೇ ಕಾದು ಕಲ್ಲಾಗುತ್ತದೆ. ತೀರ ಕಡಿಮೆಯಾದರೆ ಹಸಿಯಾಗಿಯೇ ಉಳಿಯುತ್ತದೆ. ಗಾಜಿನ ನೂಲಿನ ಬಟ್ಟೆ—ಬಟ್ಟೆಯೆನ್ನಲು ನನ್ನ ನಾಲಗೆ ಇನ್ನೂ ಹಿಂಜರಿಯುತ್ತದೆ—ರಾಳ ಹೀರಿ ಬಿಳುಪು ಕಳೆದುಕೊಂಡಿತು. ಬಿಳಿ ಉಳಿದಲ್ಲಿ ಗಾಳಿ ಅಡಗಿದೆಯೆಂದು ಉರುಳೆಯಿಂದ ಒತ್ತಿದ. ಬಲವೆಲ್ಲ ನೂಲಿನದು, ರಾಳ ಅದನ್ನು ಹಿಡಿದಿಡುತ್ತದೆ.

ಮರುದಿನ ಬೆಳಿಗ್ಗೆ ಹೋದಾಗ ಅವನು ನಾಣ್ಯದಿಂದ ತೇಪೆಯನ್ನು ಅಂಗುಲ ಅಂಗುಲವಾಗಿ ತಟ್ಟಿ, ಎಲ್ಲಾದರೂ ಪೊಳ್ಳು ಸದ್ದಿದೆಯೇ ಎಂದು ಕಿವಿಗೊಟ್ಟಿದ್ದ. ಒಡೆಯ ಪಕ್ಕದಲ್ಲೇ ಮಾತಿಲ್ಲದೆ ನಿಂತಿದ್ದ.