ಕೆಂಪು ಮೂತ್ರ, ಹಳದಿ ಕಣ್ಣು

ಮಾನ್ವಿ ತಾಲ್ಲೂಕಿನ ಚೀಕಲಪರ್ವಿ ಅಂದಕೂಡಲೇ ತುಂಗಭದ್ರೆ, ವಿಜಯದಾಸರು ನೆನಪಾಗುತ್ತಾರೆ. ನನ್ನ ಮಾತು ಮಾತ್ರ ಇವತ್ತು ಅಂಥ ಹೊಳೆದಂಡೆಯ ಊರುಗಳಲ್ಲಿ ಕ್ಷಯದ ಗುಳಿಗೆ ನುಂಗುತ್ತಿರುವವರ ಜೊತೆ.

ಗುಳಿಗೆ ಶುರುವಾದ ದಿನವೇ ಮೂತ್ರ ಕಿತ್ತಳೆಗೆಂಪಾಗುತ್ತದೆ. ‘ರಕ್ತ ಹೊಂಟದ’ ಎಂದು ಗಾಬರಿಯಾಗುವುದು ಸಹಜ. ಅದು ರಕ್ತವಲ್ಲ, ರಿಫಾಂಪಿಸಿನ್ ಎಂಬ ಔಷಧದ ಬಣ್ಣ. ಬೆವರಿಗೂ ಕಣ್ಣೀರಿಗೂ ಇಳಿಯುತ್ತದೆ, ಬಿಳಿ ಅಂಗಿಗೂ ಹತ್ತುತ್ತದೆ. ಅದಕ್ಕೆ ಹೆದರಿ ಗುಳಿಗೆ ಬಿಡಬೇಡಿ. ಆರು ತಿಂಗಳ ಔಷಧವನ್ನು ನಡುವೆ ಬಿಟ್ಟರೆ, ಉಳಿದ ಕ್ರಿಮಿಗಳು ಮುಂದೆ ಅದೇ ಔಷಧಕ್ಕೆ ಬಗ್ಗದಂತಾಗಬಹುದು.

ಹೆದರಬೇಕಾದ್ದು ಬೇರೆ ಇದೆ. ಐಸೋನಿಯಾಜಿಡ್, ಪೈರಾಜಿನಮೈಡ್, ರಿಫಾಂಪಿಸಿನ್ ಮೂರೂ ಕರಗುವುದು ಯಕೃತ್ತಿನಲ್ಲಿ. ಕೆಲವರ ಯಕೃತ್ತು ಆ ಭಾರ ತಾಳದೆ ಬಾತುಕೊಳ್ಳುತ್ತದೆ. ವಯಸ್ಸಾದವರಿಗೆ, ಸೊರಗಿದವರಿಗೆ, ಮೊದಲೇ ಕಾಮಣಿ ಆದವರಿಗೆ ಈ ಅಪಾಯ ಹೆಚ್ಚು. ಕುಡಿಯುವವರಿಗಂತೂ ಇನ್ನೂ ಹೆಚ್ಚು. ಗುಳಿಗೆ ಮುಗಿಯುವ ತನಕ ಸೆರೆ ಮುಟ್ಟಬೇಡಿ. ಯಕೃತ್ತು ಬಾತರೆ ಮೊದಲು ಊಟ ಸೇರುವುದಿಲ್ಲ. ಆಮೇಲೆ ಓಕರಿಕೆ, ವಾಂತಿ, ಕೈಕಾಲು ಸೋಲುವುದು. ಕಣ್ಣು ಹಳದಿಯಾಗುವ ಹೊತ್ತಿಗೆ ತಡವಾಗಿರುತ್ತದೆ.

ಕಣ್ಣನ್ನು ರಾತ್ರಿ ಬಲ್ಬಿನ ಕೆಳಗೆ ನೋಡಿದರೆ ಹಳದಿ ತಿಳಿಯುವುದಿಲ್ಲ. ಮುಂಜಾನೆ ಅಂಗಳದ ಬೆಳಕಿಗೆ ಬಂದು, ಕೆಳರೆಪ್ಪೆ ಇಳಿಸಿ, ಬಿಳಿಭಾಗವನ್ನು ಮನೆಯವರಿಗೆ ತೋರಿಸಿ. ಮೂತ್ರ ಕೆಂಪಿದ್ದು ಕಣ್ಣು ಬೆಳ್ಳಗಿದ್ದು ಹಸಿವು ಚೆನ್ನಾಗಿದ್ದರೆ ಚಿಂತೆಯಿಲ್ಲ. ಕಣ್ಣು ಹಳದಿಯಾಗಿದ್ದರೆ, ಇಲ್ಲವೇ ವಾಂತಿ ನಿಲ್ಲದಿದ್ದರೆ, ಮುಂದಿನ ಗುಳಿಗೆ ನುಂಗದೆ ಅವತ್ತೇ ದವಾಖಾನೆಗೆ ಹೋಗಿ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಯಕೃತ್ತು ಸುಧಾರಿಸಿದ ಮೇಲೆ ಔಷಧಗಳನ್ನು ಒಂದೊಂದಾಗಿ ಮತ್ತೆ ಶುರುಮಾಡುತ್ತಾರೆ. ಅಂದರೆ ಚಿಕಿತ್ಸೆ ಅಲ್ಲಿಗೆ ಮುಗಿಯಲಿಲ್ಲ.

ಎಥಾಂಬುಟಾಲ್ ಎಂಬ ಇನ್ನೊಂದು ಔಷಧ ಕಣ್ಣಿನ ನರಕ್ಕೇ ಪೆಟ್ಟು ಕೊಡಬಲ್ಲದು. ದೃಷ್ಟಿ ಮಂಜಾದರೆ, ಬುಟ್ಟಿಯೊಳಗಿನ ಹಸಿರು ಮೆಣಸಿನಕಾಯಿಗೂ ಕೆಂಪು ಮೆಣಸಿನಕಾಯಿಗೂ ಫರಕು ತಿಳಿಯದಾದರೆ, ಅದಕ್ಕೆ ವಯಸ್ಸನ್ನು ದೂರಬೇಡಿ. ಕೂಡಲೇ ಡಾಕ್ಟರಿಗೆ ಹೇಳಿ.

ಔಷಧದಿಂದಾದ ತೊಂದರೆಗಳ ಲೆಕ್ಕ ಇಡಲು ಭಾರತ ಸರ್ಕಾರ 2010ರಲ್ಲಿ ಒಂದು ಕಾರ್ಯಕ್ರಮ ಆರಂಭಿಸಿತು. ಅದರ ಕೇಂದ್ರ ಗಾಜಿಯಾಬಾದಿನಲ್ಲಿದೆ. ದೂರು ಕೊಡಲು ಡಾಕ್ಟರೇ ಆಗಬೇಕಿಲ್ಲ, ಗುಳಿಗೆ ನುಂಗಿದವರೂ ಕೊಡಬಹುದು. ಅದರ ಅರ್ಜಿ ಕನ್ನಡದಲ್ಲೂ ಇದೆ. ಫೋನಿಗೆ ದುಡ್ಡು ಬೀಳುವುದಿಲ್ಲ. ನಂಬರು ಬರೆದುಕೊಳ್ಳಿ: 1800-180-3024.