ನುಡಿಯಲ್ಲಿ ದಿಕ್ಕು

(ಶ್ರೀಮಠದ ಸುವರ್ಣಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಇಂಥ ಮಂಗಲಸಮಯದಲ್ಲಿ ಭಕ್ತಿಯ ವಿಷಯವನ್ನು ಬಿಟ್ಟು ವ್ಯಾಕರಣದ ವಿಷಯವನ್ನು ಎತ್ತಿಕೊಂಡದ್ದೇಕೆಂದು ಕೆಲವರು ಶಂಕಿಸಬಹುದು. ಆದರೆ ಹೋಗು, ಬಾ, ಅತ್ತ, ಇತ್ತ, ಗೆ, ಇಂದ ಎಂದು ನಾವು ದಿನವೂ ಆಡುವ ಸಣ್ಣ ನುಡಿಗಳಲ್ಲಿಯೇ ಆಡುವವನ ನೆಲೆಯು ಅಡಗಿರುವದು. ನೆಲೆಯನ್ನರಿಯದವನಿಗೆ ದಿಕ್ಕು ತಿಳಿಯದು. ದಿಕ್ಕು ತಿಳಿಯದವನಿಗೆ ದಾರಿ ದೊರೆಯದು. ಆದಕಾರಣ ಈ ವಿಷಯವು ಭಕ್ತಿಗೆ ಹೊರಗಿನದಲ್ಲವೆಂದು ತೋರಿಸುವದೇ ನಮ್ಮ ಉದ್ದೇಶವು.

ದಿಕ್ಕೆಂದರೇನು? ದಿಕ್ಕು ಒಂದೇ, ಅದು ವಿಭುವು, ನಿತ್ಯವು ಎಂಬದನ್ನು ತರ್ಕಸಂಗ್ರಹವನ್ನು ಓದಿದವರೆಲ್ಲರೂ ಬಲ್ಲರು. ಪೂರ್ವ, ಪಶ್ಚಿಮ ಎಂಬ ಭೇದವು ಉಪಾಧಿಯಿಂದ ಬಂದುದು. ಆ ಉಪಾಧಿಯು ಸೂರ್ಯನೆಂಬದನ್ನು ಕನ್ನಡವು ಹೆಸರಿನಲ್ಲಿಯೇ ಸಾರುವದು. ಸೂರ್ಯನು ಮೂಡುವ ಕಡೆ ಮೂಡಲು. ಪಡುವ, ಎಂದರೆ ಮುಳುಗುವ ಕಡೆ ಪಡುವಲು. ತಮಿಳರಾದರೋ ಮೂಡಲಿಗೆ ಕಿೞಕ್ಕು ಎಂದೂ ಪಡುವಲಿಗೆ ಮೇರ್ಕು ಎಂದೂ ಹೇಳುವರು. ಮೊದಲನೆಯದರಲ್ಲಿ ಕೆಳಗು ಎಂಬರ್ಥದ ಶಬ್ದವಿದೆ, ಎರಡನೆಯದರಲ್ಲಿ ಮೇಲು ಎಂಬುದಿದೆ; ಅವರ ನೆಲವು ಸಹ್ಯಾದ್ರಿಯಿಂದ ಮೂಡಲ ಕಡಲಿನವರೆಗೆ ಇಳಿಯುತ್ತ ಹೋಗಿರುವದು. ನಮ್ಮ ಧಾರವಾಡ ಸೀಮೆಯಲ್ಲಿ ನೀರಿಗೆ ಎರಡು ದಾರಿಗಳು. ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯ ನೀರು ಪಡುವಲ ಕಡಲಿಗೆ ಹೋಗುವದು. ಬೆಣ್ಣೆಹಳ್ಳದ ನೀರು ಮಲಪ್ರಭೆಯನ್ನು ಸೇರಿ, ಕೃಷ್ಣೆಯೊಡನೆ ಮೂಡಲ ಕಡಲಿಗೆ ಹೋಗುವದು. ಇಲ್ಲಿ ಇಳಿಜಾರನ್ನು ನಂಬಿ ಹೆಸರಿಟ್ಟರೆ ಗೊಂದಲವಾದೀತು. ಸೂರ್ಯನನ್ನು ನಂಬಿದ ಹೆಸರು ಎಲ್ಲಿ ನಿಂತರೂ ಕೆಡದು. ಎಡಬಲಗಳ ಗತಿಯು ಬೇರೆ. ಅವು ತಿರುಗುವವನೊಡನೆ ತಿರುಗುವವು. ಕೈಯೊಳಗಿನ ಮೊಬೈಲು ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ ಹೊರಳುವ ಈಗಿನ ಮಕ್ಕಳು ಊರನ್ನು ಮುಟ್ಟುವರು ನಿಜ. ಆದರೆ ತಮ್ಮ ಮನೆಯ ಬಾಗಿಲು ಯಾವ ದಿಕ್ಕಿಗಿದೆಯೆಂದು ಕೇಳಿದರೆ ತಡವರಿಸುವರು.

ಇನ್ನು ಚಲನೆಯ ಮಾತು. ಆಡುವವನತ್ತ ಆಗುವ ಚಲನೆಗೆ ಬಾ ಎಂದೂ, ಅವನಿಂದ ದೂರವಾಗುವದಕ್ಕೆ ಹೋಗು ಎಂದೂ ಹೆಸರು. ಆದರೆ “ನಾಳೆ ನಿಮ್ಮ ಮನೆಗೆ ಬರುತ್ತೇನೆ” ಎನ್ನುವಾಗ ಹೋಗುವವನು ನಾನೇ ಅಲ್ಲವೇ? ಆದರೂ ಹೋಗುತ್ತೇನೆ ಎನ್ನುವದಿಲ್ಲ. ನನ್ನ ನೆಲೆಯನ್ನು ಬಿಟ್ಟು, ಕೇಳುವವರ ನೆಲೆಯಲ್ಲಿ ನಿಂತು ನನ್ನನ್ನು ನೋಡಿಕೊಳ್ಳುತ್ತೇನೆ. ಪ್ರಾಚೀನ ತಮಿಳು ಲಕ್ಷಣಗ್ರಂಥವಾದ ತೊಲ್ಕಾಪ್ಪಿಯವು ಬರುವದು, ತರುವದು ಎಂಬ ಎರಡು ಕ್ರಿಯೆಗಳು ಉತ್ತಮ ಮಧ್ಯಮ ಪುರುಷರಿಗೆ ಸಲ್ಲುವವೆಂದೂ, ಹೋಗುವದು, ಕೊಡುವದು ಎಂಬಿವು ಪ್ರಥಮಪುರುಷನಿಗೆ ಸಲ್ಲುವವೆಂದೂ ವಿಧಿಸಿದೆ. ನಾನು, ನೀನು ಎಂಬವರು ಒಂದೇ ಅಂಗಳದವರು ಎಂಬ ಭಾವವು ಈ ನುಡಿಗಳ ಮನೆತನದಲ್ಲಿಯೇ ಇದೆಯೆಂದಾಯಿತು.

ಇಂದ್ರಿಯಗಳ ವ್ಯಾಪಾರದಲ್ಲಿ ಈ ದಿಕ್ಕಿನ ವಿಚಾರವು ಇನ್ನೂ ಸೂಕ್ಷ್ಮವಾಗುವದು. ನೈಯಾಯಿಕರ ಮತದಲ್ಲಿ ಕಣ್ಣಿನ ತೇಜಸ್ಸು ಹೊರಟು ವಸ್ತುವನ್ನು ಮುಟ್ಟುವದು. ಶಬ್ದವಾದರೋ ತೆರೆಯ ಹಿಂದೆ ತೆರೆಯಂತೆ ಬಂದು ಕಿವಿಯನ್ನು ಮುಟ್ಟುವದು. ಬೆಳಕೇ ವಸ್ತುವಿನಿಂದ ಬಂದು ಕಣ್ಣನ್ನು ಹೊಗುವದೆಂದು ಇಂದಿನ ವಿಜ್ಞಾನವು ನಿಶ್ಚಯಿಸಿದೆ. ಕನ್ನಡ ನುಡಿಯು ಎರಡು ದಾರಿಗಳನ್ನೂ ತೆರೆದಿಟ್ಟಿರುವದು. “ನಾನು ಗುಡಿಯನ್ನು ನೋಡಿದೆನು” ಎಂಬಲ್ಲಿ ನಾನು ಕರ್ತೃವು, ದೃಷ್ಟಿಯು ನನ್ನಿಂದ ಹೊರಟಿತು. “ನನಗೆ ಗುಡಿ ಕಂಡಿತು” ಎಂಬಲ್ಲಿ ಗುಡಿಯೇ ಕರ್ತೃವು. ನಾನು ಚತುರ್ಥಿಯಲ್ಲಿ ನಿಂತು ಬಂದುದನ್ನು ಸ್ವೀಕರಿಸುವವನು. ಮಾತು ಕಿವಿಗೆ ಬಿತ್ತು, ನೆನಪಿಗೆ ಬಂತು, ನನಗೆ ತಿಳಿಯಿತು, ಹಸಿವಾಯಿತು, ಇವೆಲ್ಲವೂ ಹೀಗೆಯೇ. ಕೇಳು ಎಂಬ ಧಾತುವಂತೂ ಒಂದರಲ್ಲಿಯೇ ಎರಡನ್ನೂ ಹಿಡಿದಿದೆ. ಗುರುವನ್ನು ಕೇಳಿದೆನೆಂದರೆ ಪ್ರಶ್ನೆಯು ಹೊರಟಿತು. ಗುರುವಿನ ಮಾತನ್ನು ಕೇಳಿದೆನೆಂದರೆ ಉತ್ತರವು ಬಂದಿತು, ನಡತೆಯಲ್ಲಿಯೂ ಇಳಿಯಿತು. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿಯನ್ನು ನಿಲ್ಲಿಸುವ ಸಾಧಕನಿಗೂ ಇದೇ ಕ್ರಮವು. ನೋಡುವದು ಅವನ ಪ್ರಯತ್ನವು. ಕಾಣುವದು ಲಿಂಗದ ಕರುಣೆಯು. ನೋಡಿದೆನೆಂದು ಎಲ್ಲರೂ ಹೇಳಬಹುದು, ಕಂಡಿತೆಂದು ಹೇಳುವದು ಸುಲಭವಲ್ಲ.

ಕೊನೆಗೆ ವಿಭಕ್ತಿಗಳು. ಕೇಶಿರಾಜನು 13ನೆಯ ಶತಮಾನದ ಶಬ್ದಮಣಿದರ್ಪಣದಲ್ಲಿ ಪಂಚಮಿಗೆ ಅತ್ತಣಿಂ ಎಂಬ ಪ್ರತ್ಯಯವನ್ನು ಹೇಳಿದನು. ಶಾಲೆಯ ವ್ಯಾಕರಣಗಳಲ್ಲಿ ಅದರ ಸ್ಥಾನಕ್ಕೆ ದೆಸೆಯಿಂದ ಎಂಬುದು ಬಂದಿದೆ. ಬಿಡಿಸಿ ನೋಡಿರಿ: ಮೊದಲನೆಯದರಲ್ಲಿ ಅತ್ತ ಎಂಬ ದಿಕ್ಕು, ಎರಡನೆಯದರಲ್ಲಿ ದಿಶಾ ಶಬ್ದದ ತದ್ಭವವಾದ ದೆಸೆ; ಎರಡರ ತುದಿಗೂ ತೃತೀಯೆಯ ಪ್ರತ್ಯಯವೇ ಇದೆ. ಈಗ ಕಲ್ಲಿನಿಂದ ಹೊಡೆದನು, ಹುಬ್ಬಳ್ಳಿಯಿಂದ ಬಂದನು ಎಂದು ಎರಡಕ್ಕೂ ಇಂದ ಎಂಬುದೇ ನಡೆಯುವದರಿಂದ ಪಂಚಮಿಯು ಬೇಡವೆಂದು ವಾದಿಸುವವರುಂಟು. ರೂಪವು ಒಂದಾದುದು ಸತ್ಯವು, ಅರ್ಥವು ಒಂದಾಗಲಿಲ್ಲ. ಕಲ್ಲು ಕರಣವು, ಹುಬ್ಬಳ್ಳಿಯು ಅಪಾದಾನವು. ಪ್ರತ್ಯಯವನ್ನು ಬಿಟ್ಟರೂ ಕಾರಕವಿವೇಕವನ್ನು ಬಿಡಬಾರದೆಂಬದೇ ನಮ್ಮ ವಿಜ್ಞಾಪನೆಯು.

ಅಗಲುವಿಕೆಯು ನಡೆಯುವಾಗ ಯಾವುದು ಸ್ಥಿರವಾಗಿ ನಿಲ್ಲುವದೋ ಅದನ್ನು ಪಾಣಿನಿಯು ಅಪಾದಾನವೆಂದನು. ಉಳವಿಯ ಜಾತ್ರೆಗೆ ಹೊರಟ ಚಕ್ಕಡಿಯಿಂದ ಒಬ್ಬನು ಬಿದ್ದನೆನ್ನಿರಿ. ಚಕ್ಕಡಿಯೂ ಓಡುತ್ತಲೇ ಇತ್ತಲ್ಲಾ, ಅದು ಸ್ಥಿರವೆಂತು? ಇಂಥದೇ ಶಂಕೆಯನ್ನು ಓಡುವ ರಥದ ವಿಷಯದಲ್ಲಿ ಎತ್ತಿದ ಮಹಾಭಾಷ್ಯಕಾರನು, ಅಲ್ಲಿ ಓಟವು ವಿವಕ್ಷಿತವಲ್ಲವೆಂದು ಸಮಾಧಾನ ಹೇಳಿದನು. ಬಿದ್ದವನ ಪಾಲಿಗೆ ಚಕ್ಕಡಿಯೇ ಧ್ರುವವು. ನಿಯಮದಿಂದ ವಿದ್ಯೆಯನ್ನು ಕಲಿಸುವ ಗುರುವನ್ನೂ ಪಾಣಿನಿಯು ಅಪಾದಾನವೆಂದೇ ಎಣಿಸಿದನು. ವಿದ್ಯೆಯು ಶಿಷ್ಯನಿಗೆ ಹರಿಯುವದು, ಗುರುವಿನಲ್ಲಿ ಕಡಿಮೆಯಾಗದು.

ನಮ್ಮ ಆಚಾರವೂ ಈ ವಿಭಕ್ತಿಗಳಲ್ಲಿಯೇ ನಡೆಯುವದು. ಲಿಂಗಕ್ಕೆ ಅರ್ಪಿತ, ಲಿಂಗದಿಂದ ಪ್ರಸಾದ, ಲಿಂಗದಲ್ಲಿ ಐಕ್ಯ. ಮೊದಲನೆಯದರಲ್ಲಿ ನಮ್ಮಿಂದ ಹೊರಟಿತು, ಎರಡನೆಯದರಲ್ಲಿ ನಮ್ಮತ್ತ ಬಂದಿತು, ಮೂರನೆಯದರಲ್ಲಿ ಹೋಗುವದೂ ಇಲ್ಲ, ಬರುವದೂ ಇಲ್ಲ. ಅರ್ಪಿಸದೆ ಪ್ರಸಾದವನ್ನು ಬಯಸುವವನು ಚತುರ್ಥಿಯನ್ನು ಕಲಿಯದೆ ಪಂಚಮಿಗೆ ಕೈಯೊಡ್ಡಿದಂತಾಗುವದು.

ಭಕ್ತರೇ, ಮನೆಯಲ್ಲಿ ಮಕ್ಕಳನ್ನು ಬೆಳಗಿನ ಹೊತ್ತು ಅಂಗಳದಲ್ಲಿ ನಿಲ್ಲಿಸಿ ಮೂಡಲು, ಪಡುವಲು, ತೆಂಕಲು, ಬಡಗಲು ತೋರಿಸಿರಿ. ನೋಡುವದಕ್ಕೂ ಕಾಣುವದಕ್ಕೂ ಇರುವ ಅಂತರವನ್ನು ಹೇಳಿಕೊಡಿರಿ. ಈ ಐವತ್ತು ವರ್ಷಗಳಲ್ಲಿ ಶ್ರೀಮಠದಿಂದ ಅನ್ನವನ್ನೂ ಅಕ್ಷರವನ್ನೂ ಪಡೆದು ಹೊರಟವರು ಅನೇಕರು. ಅವರೆಲ್ಲರ ಅಗಲುವಿಕೆಗೆ ಶ್ರೀಮಠವು ಧ್ರುವವಾಗಿ ನಿಂತಿತು. ನಮ್ಮ ನಾಡಿನಲ್ಲಿ ಹೊರಡುವವರು “ಹೋಗುತ್ತೇನೆ” ಎನ್ನುವದಿಲ್ಲ, “ಬರ್ತೇನ್ರೀ” ಎನ್ನುವರು. ಬೆನ್ನು ಮಾಡಿ ನಡೆಯುವಾಗಲೂ ನುಡಿಯ ಮುಖವು ಇತ್ತಲೇ ಇರುವದು. ಆ ಮಾತನ್ನು ನಡೆಸಿಕೊಳ್ಳುವ ಶಕ್ತಿಯನ್ನು ಶ್ರೀಗುರುವು ನಮಗೆಲ್ಲರಿಗೂ ಕರುಣಿಸಲಿ.