ವೃದ್ಧರ ಕಿವಿಗೆ ನಾದದಾಸೋಹ

 

ಶ್ರೀಮಠದ ಈ ಮಹೋತ್ಸವದಲ್ಲಿ ವಚನಗಾಯನವನ್ನು ಆಲಿಸಿ ನಾವೆಲ್ಲರೂ ಹರ್ಷಪಟ್ಟೆವು. ಆದರೆ ಕಿವಿ ಮಂದವಾದ ಹಿರಿಯರಿಗೆ ಈ ಭಾಗ್ಯವೆಲ್ಲಿಯದು? ಅವರ ವಿಷಯವಾಗಿ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುವೆನು.

ನನ್ನ ತಾಯಿಯವರು ಇಳಿವಯಸ್ಸಿನಲ್ಲಿ ಸಂಜೆಯ ಭಜನೆಗೆ ಬರುವುದನ್ನು ಬಿಟ್ಟರು. ಮನಸ್ಸು ಅಂತರ್ಮುಖವಾಗಿದೆಯೆಂದು ನಾವು ತಿಳಿದೆವು. ಒಂದು ದಿನ ಕೇಳಲಾಗಿ, “ಯಾರೋ ಹಾಡುತ್ತಿರುವರೆಂದು ತಿಳಿಯುತ್ತದೆಯಪ್ಪಾ, ಏನು ಹಾಡುವರೋ ತಿಳಿಯದು. ತಾಳದ ಪೆಟ್ಟು ಮಾತ್ರ ತಲೆಗೆ ಬಡಿಯುತ್ತದೆ” ಎಂದರು. ನಾವು ವೈರಾಗ್ಯವೆಂದು ಭಾವಿಸಿದ್ದುದು ಒಂಟಿತನವಾಗಿತ್ತು.

ಇದಕ್ಕೆ ಕಾರಣವುಂಟು. ಮುಪ್ಪಿನಲ್ಲಿ ಒಳಗಿವಿಯ ಸೂಕ್ಷ್ಮ ಕೋಶಗಳು ನಶಿಸುತ್ತವೆ. ಸಾಮಾನ್ಯವಾಗಿ ಮೊದಲು ಕುಂದುವುದು ತಾರಧ್ವನಿಗಳ ಶ್ರವಣವು. ‘ಸ’, ‘ಶ’, ‘ತ’ಗಳಂಥ ವ್ಯಂಜನಗಳು ಜಾರಿಹೋಗುವುದರಿಂದ ಸದ್ದು ಕೇಳಿಸಿದರೂ ಮಾತು ಅರ್ಥವಾಗುವುದಿಲ್ಲ. ಗಟ್ಟಿಯಾಗಿ ಕೂಗಿದರೆ ಅದೇ ಸದ್ದು ಕರ್ಕಶವಾಗುವುದೇ ಹೊರತು ತಿಳಿಯಾಗದು.

ಆದುದರಿಂದ ಮೊದಲು ವೈದ್ಯರಿಗೆ ತೋರಿಸತಕ್ಕದ್ದು; ಕೆಲವು ವೇಳೆ ಗುಗ್ಗೆಯೇ ಅಡ್ಡವಾಗಿರುತ್ತದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣಪರೀಕ್ಷೆಯೂ ಶ್ರವಣಯಂತ್ರದ ಜೋಡಣೆಯೂ ನಡೆಯುತ್ತವೆ. ಮಾತಿಗೆಂದು ಹೊಂದಿಸಿದ ಯಂತ್ರದಲ್ಲಿ ಸಂಗೀತವು ವಿಕಾರವಾಗಿ ಕೇಳಿಸಬಹುದು. ಅದನ್ನು ತಜ್ಞರಿಗೆ ತಿಳಿಸಿ, ಸಂಗೀತಕ್ಕೆ ಬೇರೆ ಹೊಂದಾಣಿಕೆಯನ್ನು ಮಾಡಿಸಿಕೊಳ್ಳಬೇಕು.

ಬಳಿಕ ಮನೆಯ ಭಜನೆಯಲ್ಲಿ ತಾಳವನ್ನೂ ಕಿರುಗಂಟೆಯನ್ನೂ ದೂರವಿಟ್ಟೆವು. ವಿದ್ಯುತ್ ಬೀಸಣಿಗೆಯನ್ನು ನಿಲ್ಲಿಸಿದೆವು. ತಾಯಿಯವರು ಬಾಲ್ಯದಿಂದ ಬಲ್ಲ ವಚನವನ್ನೇ ಆರಿಸಿ, ತಂಬೂರಿಯ ತಗ್ಗಿದ ಶ್ರುತಿಗೆ ಒಬ್ಬರೇ, ಎದುರಿಗೆ ಕುಳಿತು, ತುಟಿಗಳು ಕಾಣುವಂತೆ ನಿಧಾನವಾಗಿ ಹಾಡಿದೆವು. ಕಿವಿ ಬಿಟ್ಟುದನ್ನು ನೆನಪು ತುಂಬಿಕೊಟ್ಟಿತು. ಅವರ ಅಂಗೈಯನ್ನು ತಂಬೂರಿಯ ಬುರುಡೆಯ ಮೇಲಿರಿಸಲು ನಾದದ ಕಂಪನವು ಕೈಗೆ ತಿಳಿಯಿತು. ಮೂರನೆಯ ಸಂಜೆ ಅವರ ತುಟಿಗಳೂ ಅಲುಗಿದವು.

ಶರಣಬಂಧುಗಳೇ, ಅನ್ನವನ್ನಿಕ್ಕುವುದು ದಾಸೋಹವಾದಂತೆ ನಾದವನ್ನು ಮುಟ್ಟಿಸುವುದೂ ದಾಸೋಹವೇ. “ಅವರಿಗೆ ಕೇಳಿಸದು” ಎಂದು ಹಿರಿಯರನ್ನು ಮೂಲೆಯಲ್ಲಿ ಕುಳ್ಳಿರಿಸಬೇಡಿರಿ. ದಿನಕ್ಕೊಂದು ಕಾಲುಗಂಟೆಯಾದರೂ ಅವರ ಕಿವಿಗೆ ಒಗ್ಗುವಂತೆ ಹಾಡಿರಿ. ಶ್ರೀಮಠದ ಪ್ರಾರ್ಥನೆಯಲ್ಲಿಯೂ ಧ್ವನಿವರ್ಧಕದಿಂದ ದೂರದಲ್ಲಿ, ಗಾಯಕರ ಸಮೀಪದಲ್ಲಿ ಅವರಿಗೊಂದು ಸ್ಥಳವಿರಲೆಂದು ಬಿನ್ನವಿಸಿ ವಿರಮಿಸುವೆನು.